ಮಂಜುಗಡ್ಡೆಯ ಮೇಲೆ ಫಸಲಿನ ಅಂದಾಜು

ಮಗಳೇ ಭೂಮಿಕಾ,

ಫಿಗರ್ ಸ್ಕೇಟಿಂಗ್‌ನ ವಿಶ್ವ ಸ್ಪರ್ಧೆ ಮೊನ್ನೆ ಮುಗಿಯಿತು. ನೀನು ಹೋದ ಮೇಲಿನ ಮೊದಲ ಸ್ಪರ್ಧೆ. ಪದಕ ಯಾರ ಪಾಲಾಯಿತೆಂದು ತಿಳಿಸಲು ಕುಳಿತೆ. ಅದಕ್ಕೆ ಮೊದಲು ನಮ್ಮಿಬ್ಬರ ನಡುವೆ ಇತ್ಯರ್ಥವಾಗದೆ ಉಳಿದ ಒಂದು ವಿಷಯವಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಬಾಯಿ ಮುಚ್ಚಿಸುತ್ತಿದ್ದ ನನಗೆ, ಇದರಲ್ಲಿ ಯಾವ ಪಕ್ಷ ವಹಿಸಬೇಕೆಂದೇ ತಿಳಿಯುತ್ತಿಲ್ಲ.

ಸಿದ್ದಾಪುರದ ಕಾಫಿ ಎಸ್ಟೇಟಿನ ನಮ್ಮ ಕ್ವಾರ್ಟರ್ಸಿನ ಜಗಲಿಯಲ್ಲಿ ನೀನು ಮೊದಲ ಬಾರಿಗೆ ಫೋನಿನಲ್ಲಿ ಆ ಆಟ ತೋರಿಸಿದ್ದು ನೆನಪಿದೆ. ಒಬ್ಬ ಹುಡುಗಿ ಮಂಜುಗಡ್ಡೆಯ ಮೇಲೆ ಗಿರಗಿರನೆ ತಿರುಗಿ, ಜಿಗಿದು, ಧೊಪ್ಪನೆ ಬಿದ್ದಳು. "ಫ್ರಿಜ್ಜಿನ ಹೊರಗೆ ಐಸ್ ನೋಡ್ದೋರಲ್ಲ ನಾವು, ನಮಗ್ಯಾಕೇ ಇದು?" ಎಂದಳು ನಿನ್ನಮ್ಮ. ನೀನು ಚಿನ್ನ, ಬೆಳ್ಳಿ, ಕಂಚು ಯಾರಿಗೆಂದು ಊಹಿಸಿ ಮೂರು ಹೆಸರು ಬರೆದು ಚೀಟಿಯನ್ನು ಮಡಚಿ ಅವಳ ಕೈಗಿಟ್ಟೆ.

"ಅಪ್ಪಾ, ನೀವೂ ಬರೀರಿ."

"ಆಧಾರ ಇಲ್ದೆ ನಾನು ಏನೂ ಹೇಳಲ್ಲ."

"ಮತ್ತೆ ತೋಟದಲ್ಲಿ ಕೊಯ್ಲಿಗೆ ಮುಂಚೆನೇ ಇಷ್ಟ್ ಮೂಟೆ ಬರುತ್ತೆ ಅಂತ ಓನರಿಗೆ ಬರ್ಕೊಡ್ತೀರಲ್ಲ?"

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆದವನ ಕೆಲಸವೇ ಅದು. ಗಿಡ ಆರಿಸಿ, ಗೊಂಚಲಿನ ಕಾಯಿ ಎಣಿಸಿ ಅಂದಾಜು ಕಟ್ಟುತ್ತೇನೆಂದು ವಿವರಿಸಿದೆ.

"ಇಲ್ಲೂ ಎಣಿಸಿ. ಯಾರ್ ಬೇಡ ಅಂದ್ರು?"

ನಾನು ಪತ್ರಿಕೆ ಬಿಡಿಸಿ ಮುಖ ಮರೆಸಿಕೊಂಡೆ.

ಮೈಸೂರಿನ ಆಸ್ಪತ್ರೆಯ ಆ ಮಧ್ಯಾಹ್ನವನ್ನು ಹೇಗೆ ಬರೆಯಲಿ? ಮೂರು ವಾರವಾದರೂ ನಿನ್ನ ಜ್ವರ ಇಳಿದಿರಲಿಲ್ಲ. ಕಾರಣ ವೈದ್ಯರಿಗೂ ಸಿಕ್ಕಿರಲಿಲ್ಲ. "ಅಪ್ಪಾ, ನಾನು ಹುಷಾರಾಗ್ತೀನಾ?" ಎಂದು ನೀನು ಕೇಳಿದೆ. "ರಿಪೋರ್ಟ್ ಬರಲಿ" ಎಂದೆ ನಾನು. "ಸುಮ್ನೆ ಹೇಳಿಪ್ಪಾ. ತಪ್ಪಾದ್ರೆ ಆಗ್ಲಿ." ನಾನು ಹೇಳಲಿಲ್ಲ. ಗ್ಲೂಕೋಸಿನ ಬಾಟಲಿಯನ್ನು ನೋಡುತ್ತ ನಿಂತೆ. ರಿಪೋರ್ಟ್ ಬಂದ ದಿನ ಅದನ್ನು ಓದಿ ಹೇಳೋಣವೆಂದರೆ ನೀನೇ ಇರಲಿಲ್ಲ. ನಾನು ಅಂದು ಸತ್ಯಕ್ಕೆ ನಿಷ್ಠನಾಗಿದ್ದೆನೇ? ಅಥವಾ ನನ್ನ ಮಾತು ಸುಳ್ಳಾದೀತೆಂದು ಹೆದರಿದ್ದೆನೇ? ಎರಡೂ ಕಡೆಯ ವಾದವನ್ನು ನಾನೇ ಮಂಡಿಸಬಲ್ಲೆ. ತೀರ್ಪು ಮಾತ್ರ ಹೊರಡುತ್ತಿಲ್ಲ.

ಈ ಸಲ ಹೂಮಳೆಯಾಗಿ ತೋಟವೆಲ್ಲ ಬೆಳ್ಳಗೆ ಅರಳಿದ ವಾರದಲ್ಲೇ ಸ್ಪರ್ಧೆಯೂ ಬಂತು. ನಾನೂ ಒಂದು ಚೀಟಿ ಬರೆಯಲು ನಿಶ್ಚಯಿಸಿದೆ. ಹಳೆಯ ವಿಡಿಯೊಗಳನ್ನು ನೋಡಿ ಒಬ್ಬೊಬ್ಬಳ ಜಿಗಿತಗಳನ್ನೂ ಎಣಿಸಿದೆ. ಬಿದ್ದ ಜಿಗಿತವನ್ನು ಉದುರಿದ ಕಾಯಿಯೆಂದು ಕಳೆದೆ. ಮೇಸ್ತ್ರಿ ಸೆಲ್ವ ನನ್ನ ಲೆಕ್ಕದ ಪುಸ್ತಕದೊಳಗೆ ಇಣುಕಿ, "ಏನ್ ಸಾರ್, ಗಿಡದಲ್ಲಿ ಹೂವೇ ಬಾಡಿಲ್ಲ, ಆಗ್ಲೇ ಕಾಯಿ ಲೆಕ್ಕನಾ?" ಎಂದು ನಕ್ಕ. ಲೆಕ್ಕದಂತೆ ಬೆಳ್ಳಿ ಅಮೆರಿಕದವಳಿಗೆ, ಕಂಚು ಕೊರಿಯಾದವಳಿಗೆ. ಚಿನ್ನಕ್ಕೆ ಲೆಕ್ಕ ಹೇಳಿದ್ದು ಇಟಲಿಯವಳನ್ನು. ನೀನು ಪ್ರತಿ ಸಲ ಚೀಟಿಯಲ್ಲಿ ಮೊದಲು ಬರೆಯುತ್ತಿದ್ದ ಆ ಜಪಾನಿನ ಹುಡುಗಿ ಎಲ್ಲರಿಗಿಂತ ಹೆಚ್ಚು ಸಲ ಬಿದ್ದವಳು, ಹತ್ತರೊಳಗೂ ಬರುವಂತಿರಲಿಲ್ಲ. "ಶುರುವಾಗ್ತಿದೆ, ಕೊಡ್ರೀ" ಎಂದು ನಿನ್ನಮ್ಮ ಕೈ ಚಾಚಿದಳು. ಏನಾಯಿತೋ ಕಾಣೆ, ಇಟಲಿಯವಳನ್ನು ಹೊಡೆದುಹಾಕಿ, ಚಿನ್ನದ ಮುಂದೆ ನಿನ್ನ ಹುಡುಗಿಯ ಹೆಸರು ಬರೆದುಕೊಟ್ಟೆ.

ಫಲಿತಾಂಶ ಬಂದಾಗ ನನ್ನ ತಲೆ ಕೆಟ್ಟಿತು. ಒಮ್ಮೆಯೂ ಬೀಳದ ಕೊರಿಯಾದವಳಿಗೆ ನಾಲ್ಕನೆಯ ಸ್ಥಾನ. ಜಿಗಿದಿಳಿಯುವಾಗ ತಡವರಿಸಿ ಕೈ ನೆಲಕ್ಕೂರಿದ ಇಟಲಿಯವಳಿಗೆ ಚಿನ್ನ! ಸಂಗೀತಕ್ಕೆ ಹೊಂದಿಕೊಂಡದ್ದಕ್ಕೂ ಅಂಕವಂತೆ, ಜಾರಿದ ಬಗೆಗೂ ಅಂಕವಂತೆ. ಅವನ್ನೆಲ್ಲ ಯಾವ ಗೊಂಚಲಿನಲ್ಲಿ ಎಣಿಸುವುದು? ಅಮೆರಿಕದವಳು ಏಳನೆಯವಳಾದಳು. ನಿನ್ನ ಹುಡುಗಿ ಎರಡು ಸಲ ಬಿದ್ದು, ಎರಡು ಸಲವೂ ಎದ್ದು, ಆರನೆಯವಳಾಗಿ ಕೈ ಬೀಸಿದಳು. ಚೀಟಿ ಬಿಡಿಸಿದ ನಿನ್ನಮ್ಮ, "ಮೂರೂ ತಪ್ಪು ಕಣ್ರೀ!" ಎಂದು ಸೆರಗು ಬಾಯಿಗಿಟ್ಟು ನಕ್ಕಳು. ಎಷ್ಟೋ ತಿಂಗಳ ನಂತರ. ನಗುತ್ತಲೇ, "ಆಸ್ಪತ್ರೇಲಿ ಅವಳಿಗೂ ಇಂಥದೊಂದು ತಪ್ಪು ಮಾತು ಹೇಳ್ಬೋದಿತ್ತು ನೀವು" ಎಂದಳು. ನಾನು ಚೀಟಿಯನ್ನು ಮತ್ತೆ ಮಡಚಿ ಅಂಗಿಯ ಜೇಬಿಗಿಟ್ಟುಕೊಂಡೆ.

ಇನ್ನೊಂದು ಸುದ್ದಿ ನಿನಗೆ ಗೊತ್ತಿಲ್ಲ. ನಿನ್ನಮ್ಮನ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿದೆ. ಸೋಮವಾರ ಸೂಜಿ ಚುಚ್ಚಿ ಪರೀಕ್ಷೆಗೆ ಮಾದರಿ ತೆಗೆದುಕೊಂಡರು. ನಿನ್ನೆ ಕಾಫಿ ಸೋಸುತ್ತ, ನನ್ನ ಕಡೆ ತಿರುಗದೆಯೇ, "ಏನಾದ್ರೂ ಕೆಟ್ಟದ್ದಿರುತ್ತಾ ರೀ?" ಎಂದು ಕೇಳಿದಳು.

"ಏನೂ ಇರಲ್ಲ ಕಣೇ" ಎಂದೆ.

ರಿಪೋರ್ಟ್ ಇನ್ನೂ ಬಂದಿಲ್ಲ.

ನಿನ್ನ ಅಪ್ಪ