ಸಂಜೆಯ ಕಾಲಿನ ಅಳತೆ

೯-೨-೧೯೫೯, ಸೋಮವಾರ. ಜನ್ನಾಪುರ

ಉಪ್ಪುನೀರಲ್ಲಿ ಕಾಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ಬಾರಂದೂರಿನ ದಾರಿಯಲ್ಲಿ ಚಪ್ಪಲಿಯ ಉಂಗುಟ ಮತ್ತೆ ಕಿತ್ತಿತು — ಈ ತಿಂಗಳಲ್ಲಿ ಎರಡನೆಯ ಸಲ. ಅಲ್ಲಿಂದ ಬರಿಗಾಲು. ಇಬ್ಬರು ಬಾಣಂತಿಯರು, ಒಂಬತ್ತು ಮಕ್ಕಳಿಗೆ ಸಿಡುಬಿನ ಲಸಿಕೆ. ಒಂದು ಮನೆಯನ್ನೂ ತಪ್ಪಿಸಲಿಲ್ಲ.

ಡಾಕ್ಟರ್ ನರಸಿಂಹಮೂರ್ತಿ ಕರೆದು ಹೇಳಿದರು: "ಮಾರ್ಚ್ ಇಪ್ಪತ್ತಕ್ಕೆ ಜಿಲ್ಲೆಯಿಂದ ಇನ್‌ಸ್ಪೆಕ್ಷನ್. ಆಫೀಸರ್ ನಿಮ್ಮ ಜೊತೆ ರೌಂಡ್ ನಡೀತಾರೆ. ಒಂದೇ ದಿನ, ಐದು ಹಳ್ಳಿ. ಮುಗಿಸಿದ್ರೆ ಹೆಲ್ತ್ ವಿಜಿಟರ್ ಪೋಸ್ಟು ಕನ್ಫರ್ಮ್. ಇಲ್ಲಾಂದ್ರೆ ನನ್ನ ಕೈಲಿ ಏನೂ ಇಲ್ಲ, ದಾಕ್ಷಾಯಣಿ. ಈ ಹರಕು ಚಪ್ಪಲೀಲಿ ಮಾತ್ರ ಅವರೆದುರು ನಿಲ್ಲಬೇಡಿ."

ಇಲ್ಲಾಂದ್ರೆ... ಶಿವಮೊಗ್ಗ, ಅಣ್ಣನ ಮನೆ, ಅಡಿಗೆ ಕೋಣೆ. ಇಪ್ಪತ್ತೇಳು ವರ್ಷಕ್ಕೆ ಒಂದು ಬಾಡಿಗೆ ಕೋಣೆ, ಅದರ ಬೀಗದ ಕೈ ನನ್ನದಾಗಿದೆ. ಬಿಟ್ಟುಕೊಡುವವಳಲ್ಲ.

ಬೂಟು ಬೇಕು. ಹಿಮ್ಮಡಿ ತಗ್ಗಾಗಿರಬೇಕು. ಬೆರಳಿಗೆ ಜಾಗ ಬೇಕು. ಎರಡು ಮಳೆಗಾಲ ಬಾಳಬೇಕು. ಲೇಸ್ ಬೇಡವೇ ಬೇಡ — ಹೆರಿಗೆ ಮನೆಯ ಬಾಗಿಲಲ್ಲಿ ಲೇಸ್ ಬಿಚ್ಚುತ್ತ ಕೂತರೆ ಮಗು ಕಾಯುತ್ತದೆಯೆ? ಒಂದು ಪಟ್ಟಿ, ಒಂದು ಬಕಲ್. ಬಿಳಿ ಸೀರೆಯ ಕೆಳಗೆ ಸ್ಮಾರ್ಟಾಗಿಯೂ ಕಾಣಬೇಕು. ಆಸೆ ಇಲ್ಲ ಅಂದರೆ ಸುಳ್ಳು.

೧೫-೨, ಭಾನುವಾರ

ಶಿವಮೊಗ್ಗಕ್ಕೆ ಹೋಗಿ ಬಂದೆ. ಅಣ್ಣ ಓಂಕಾರಪ್ಪ ಜೊತೆಗೆ ಬಂದ. ಬಂದದ್ದು ಬೇಡ ಅನ್ನುವುದಕ್ಕೆ. ಗಾಂಧಿ ಬಜಾರಿನಲ್ಲಿ ಹೆಂಗಸರಿಗೆ ಬರೀ ಚೂಪು ಹಿಮ್ಮಡಿಯ ಸ್ಯಾಂಡಲ್. ಅದನ್ನು ಹಾಕಿ ಗದ್ದೆ ಬದುವಿನ ಮೇಲೆ ನಡೆದರೆ ನನಗೇ ನರ್ಸ್ ಬೇಕಾಗುತ್ತದೆ. ಹುಡುಗರ ಸ್ಕೂಲ್ ಬೂಟು ತೆಗೆಸಿದೆ.

"ಯಾರಿಗಮ್ಮ, ತಮ್ಮಂಗಾ?"

"ನಂಗೆ."

ಅಂಗಡಿಯವನು ಬಾಯಿ ತೆರೆದುಕೊಂಡೇ ನಿಂತ. ಬೂಟು ಬೆರಳು ಹಿಚುಕಿತು, ವಾಪಸ್ ಕೊಟ್ಟೆ.

"ಸಾಕು ಮಾರಾಯ್ತಿ. ಹೆಂಗಸು ಬೂಟು ಹಾಕ್ಕೊಂಡು ಊರೂರು ತಿರುಗಿದ್ರೆ ಜನ ಏನಂತಾರೆ?" ಅಂದ ಅಣ್ಣ.

"ನರ್ಸಮ್ಮ ಟೈಮಿಗೆ ಬಂದ್ಲು ಅಂತಾರೆ."

ಕೊನೆಗೆ ಹಿಂದಿನ ಗಲ್ಲಿಯಲ್ಲಿ ಬೂಟು ಹೊಲಿಯುವ ಭೂತಪ್ಪ. ವಯಸ್ಸಾದವರು. ಹೇಳಿದ್ದನ್ನೆಲ್ಲ ಕೇಳಿ ನನ್ನ ಕಾಲು ನೋಡಿ ತಲೆಯಾಡಿಸಿದರು. "ಇದು ಬಸ್ಸಲ್ಲಿ ಕೂತು ಬಂದ ಕಾಲು, ನಂಗೆ ಬೇಡ. ಸಂಜೆ, ನಡೆದು ನಡೆದು ಉಬ್ಬಿರುತ್ತಲ್ಲ, ಆಗ ಕಾಗದದ ಮೇಲೆ ನಿಂತು ಗೆರೆ ಎಳೆಸಿ ಕಳಿಸಮ್ಮ. ಆ ಅಳತೆಗೆ ಹೊಲಿದ್ರೆ ಕಚ್ಚಲ್ಲ."

ಹೂಂ ಅಂದು ಬಂದೆ. ಆದರೆ ಕಾಗದದ ಮೇಲೆ ನಿಲ್ಲುವುದೆ? ಅಪ್ಪ ಮೇಷ್ಟರಾಗಿದ್ದವರು. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ತನಕ ಊಟ ಇಲ್ಲ.

೧೮-೨, ಬುಧವಾರ, ಸಂಜೆ ೬

ಎಂಟು ಮೈಲಿ ನಡೆದು ಬಂದ ಕಾಲು, ಚೆನ್ನಾಗಿಯೇ ಉಬ್ಬಿದೆ. ಮನೆ ಒಡತಿ ಸಣ್ಣಮ್ಮನವರನ್ನು ದೊಡ್ಡ ಕಾಗದ ಕೇಳಿದೆ. ಅವರ ಗಂಡ ಬೀರಪ್ಪ ಪೇಪರ್ ಮಿಲ್ಲಿನವರು. ಯಾಕೆ ಅಂತ ಹೇಳಿದ್ದೇ ತಡ, ಗಲ್ಲ ಗಲ್ಲ ಬಡಿದುಕೊಂಡರು. "ಅಯ್ಯಯ್ಯೋ! ನಮಗೆ ಅನ್ನ ಕೊಡೋದೇ ಅದು. ಅದರ ಮೇಲೆ ಕಾಲಾ?"

ಒಳಗೊಳಗೇ ನನಗೂ ನಿರಾಳ. ಆಮೇಲೆ ಇಬ್ಬರೂ ಸೇರಿ ದಾರಿ ಹುಡುಕಿದೆವು. ಅಡಿಕೆ ಹಾಳೆ! ನೀರಲ್ಲಿ ನೆನೆಸಿ ಮೆತ್ತಗೆ ಮಾಡಿ ಹರಡಿದರು. ನಿಂತೆ. ಸುತ್ತ ಮಸಿಯಲ್ಲಿ ಗೆರೆ ಎಳೆದು, ಗೆರೆಗೆ ಸರಿಯಾಗಿ ಕತ್ತರಿಸಿದರು. ನಾಳೆ ಕಂಡಕ್ಟರ್ ಕರಿಯಪ್ಪನ ಕೈಲಿ ಶಿವಮೊಗ್ಗಕ್ಕೆ. ನನ್ನ ಬುದ್ಧಿಗೆ ನಾನೇ ಭೇಷ್ ಅಂದುಕೊಂಡೆ.

೭-೩, ಶನಿವಾರ

ಎರಡು ವಾರ ಬರೆಯಲಾಗಲಿಲ್ಲ. ಕಾರೇಹಳ್ಳಿಯಲ್ಲಿ ಸಿಡುಬು. ನಡೆದದ್ದೇ ನಡೆದದ್ದು.

ಇವತ್ತು ಬೂಟು ಬಂತು. ಕಂದು ಬಣ್ಣ, ದುಂಡು ಮೂತಿ, ಹಿತ್ತಾಳೆ ಬಕಲ್. ಎಷ್ಟು ಚೆಂದ! ಹಾಕಿಕೊಂಡರೆ — ಹಿಮ್ಮಡಿ ಒಳಗೆ ಹೋಗಲೇ ಇಲ್ಲ. ತುರುಕಿದೆ, ಬೆರಳು ಮಡಚಿತು. ಅತ್ತೆ. ನಾಚಿಕೆ ಇಲ್ಲದೆ ಅತ್ತೆ. ಇನ್ನು ಹದಿಮೂರೇ ದಿನ. ಭೂತಪ್ಪನವರಿಗೆ ನಾಳೆ ಇದೆ.

೮-೩, ಭಾನುವಾರ

ಜಗಳಕ್ಕೇ ಹೋದದ್ದು. "ಅಳತೆ ಕಳಿಸಿದ್ಮೇಲೂ ಹಿಂಗಾ?" ಅಂದೆ. ಭೂತಪ್ಪ ಮೊಳೆಗೆ ನೇತುಹಾಕಿದ್ದ ನನ್ನ ಹಾಳೆ ತೆಗೆದು ಬೂಟಿನ ಅಟ್ಟೆಯ ಮೇಲಿಟ್ಟರು. ಕೂದಲೆಳೆಯ ವ್ಯತ್ಯಾಸವಿಲ್ಲ. ಆಮೇಲೆ, "ಈಗ ಈ ಹಾಳೆ ಮೇಲೆ ನಿನ್ನ ಕಾಲಿಡು" ಅಂದರು. ಐದೂ ಬೆರಳು ಹೊರಗೆ.

"ನೆನೆಸಿದ ಹಾಳೆ ಒಣಗಿದ್ರೆ ಕುಗ್ಗಲ್ವೇನಮ್ಮ? ನಂಗೆ ಬರೋ ಹೊತ್ತಿಗೇ ಹಪ್ಪಳ ಆಗಿತ್ತು. ಏನೋ ಸಣ್ಣ ಕಾಲಿನ ಹೆಣ್ಣುಮಗಳು ಅಂದ್ಕೊಂಡೆ."

ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ತಪ್ಪಾಯ್ತು ಅಂದೆ.

"ಬುಧವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಅಳತೆ ಬಂದ್ರೆ ಇನ್ನೊಂದು ಜೊತೆ ಹೊಲೀತೀನಿ. ಕಾಗದದ್ದು. ಅಡಿಕೆ ಹಾಳೆ, ಎಲೆ ಕಳಿಸಿದ್ರೆ ಮುಟ್ಟಲ್ಲ."

ಅಣ್ಣನಿಗೆ ಗೊತ್ತಾಗಿ, "ಬಿಟ್ಟು ಬಾ. ಕಾಲಿಗೇ ಒಪ್ಪದ ಕೆಲಸ" ಅಂದ. ಚೀಲ ಎತ್ತಿಕೊಂಡು ಬಸ್ಸು ಹತ್ತಿದೆ.

೧೦-೩, ಮಂಗಳವಾರ, ಸಂಜೆ ೬.೩೦

ಒಂಬತ್ತು ಮೈಲಿ. ಕಾಲು ಉರಿಯುತ್ತಿದೆ.

ನಿನ್ನೆಯಿಡೀ ಯೋಚಿಸಿದೆ. ಸಣ್ಣಮ್ಮನವರ ಕಾಗದ ಬೇಡ, ಅದು ಅವರ ಅನ್ನ. ಈ ಪುಸ್ತಕ ನನ್ನದು. ಉದ್ದನೆಯ ದಪ್ಪ ಹಾಳೆ — ಎಸ್ಸೆಸ್ಸೆಲ್ಸಿ ಪಾಸಾದಾಗ ಅಪ್ಪ ಕೊಟ್ಟ ರಿಜಿಸ್ಟರು. "ನಿನ್ನ ಕೆಲಸಕ್ಕೆ ಇಟ್ಕೋ" ಅಂದಿದ್ದರು. ಇದೂ ಕೆಲಸವೇ ಅಲ್ಲವೆ ಅಪ್ಪ? ಬರೆಯುವವಳೂ ನಾನೇ, ತುಳಿಯುವವಳೂ ನಾನೇ. ಪಾಪ ಬಂದರೆ ನನಗೊಬ್ಬಳಿಗೇ ಬರಲಿ.

ಭಯವಾಗುತ್ತಿದೆ. ಆದರೂ ಕಾಲು ತೊಳೆದೆ. ಪುಸ್ತಕ ಕಣ್ಣಿಗೊತ್ತಿಕೊಂಡೆ. ಸಣ್ಣಮ್ಮನವರು ಪೆನ್ಸಿಲ್ ಹಿಡಿದು ಕೂತಿದ್ದಾರೆ, ಮುಖ ಆ ಕಡೆ ತಿರುಗಿಸಿಕೊಂಡು. "ಈ ಕಡೆ ನೋಡ್ರೀ, ಗೆರೆ ಸೊಟ್ಟ ಆಗುತ್ತೆ" ಅಂದೆ. ಮುಂದಿನ ಎರಡು ಹಾಳೆ ಹರಿಯುತ್ತೇನೆ. ಬಲಗಾಲು ಮೊದಲು.

೨೦-೩, ಶುಕ್ರವಾರ, ಬೆಳಿಗ್ಗೆ ೫

ಬೂಟು ಹದಿನೇಳಕ್ಕೇ ಬಂತು. ಮೂರು ದಿನ ನಡೆದು ಪಳಗಿಸಿದೆ. ಎಲ್ಲೂ ಕಚ್ಚುವುದಿಲ್ಲ. ಹೊರಟೆ.

ಅದೇ ದಿನ, ಸಂಜೆ ೭

ಐದು ಹಳ್ಳಿ. ಆಫೀಸರ್ ಶಿವಯೋಗಪ್ಪನವರದು ಚೂಪು ಮೂತಿಯ ಪಟ್ಟಣದ ಬೂಟು. ಮೂರನೇ ಹಳ್ಳಿಯಲ್ಲೇ ಬೊಬ್ಬೆ. ನಾಲ್ಕನೆಯದರಲ್ಲಿ ಬೂಟು ಬಿಚ್ಚಿ ಅರಳಿಕಟ್ಟೆಯ ಮೇಲೆ ಕೂತುಬಿಟ್ಟರು. ಮುಲಾಮು ಹಚ್ಚಿ ಪಟ್ಟಿ ಕಟ್ಟಿದೆ. ಐದನೆಯದಕ್ಕೆ ನಾನೊಬ್ಬಳೇ ಹೋಗಿ, ಲಸಿಕೆ ಹಾಕಿ, ಪಟೇಲರ ಸಹಿ ತಂದೆ. ಆಫೀಸರ್ ಅಲ್ಲೇ ಕಟ್ಟೆಯ ಮೇಲೆ ನನ್ನ ಫೈಲಿಗೆ ಸಹಿ ಹಾಕಿದರು. ಕನ್ಫರ್ಮ್ಡ್! ಮೂರು ಸಲ ಓದಿದೆ.

"ಈ ಬೂಟು ಯಾರಮ್ಮ ಹೊಲಿದಿದ್ದು?" ಅಂತ ಕೇಳಿದರು. ಭೂತಪ್ಪನವರ ವಿಳಾಸ ಕೊಟ್ಟೆ. ಸಂಜೆ ಕಾಗದದ ಮೇಲೆ ನಿಲ್ಲಬೇಕು ಸಾರ್ ಅಂದೆ. ಅವರ ಮುಖ ಸಣ್ಣದಾಯಿತು. "ಬೇರೆ ಏನಾದ್ರೂ ಆಗಲ್ವಾ?"

ಆಗಲ್ಲ ಸಾರ್ ಅಂದೆ.

ನಾಳೆ ಅಣ್ಣನಿಗೆ ಕಾಗದ ಬರೆಯಬೇಕು. ಬರುವುದಿಲ್ಲ ಅಂತ. ಎಡಗಾಲಿನ ಬಕಲ್ ಸ್ವಲ್ಪ ಸಡಿಲ, ಅದನ್ನು... ಯಾರೋ ಬಾಗಿಲು ಬಡಿಯುತ್ತಿದ್ದಾರೆ. "ನರ್ಸಮ್ಮಾ, ನೋವು ಶುರುವಾಗಿದೆ, ಬೇಗ" ಅಂತಿದ್ದಾರೆ. ಬೂಟು ಬಾಗಿಲಲ್ಲೇ ಇದೆ, ಹಾಕಿಕೊಂಡು