ದಂತವೈದ್ಯರ ಕುರ್ಚಿಗಳು

ಮಾರ್ಚ್ ೩
ಇವತ್ತೂ ಅದೇ ಹೆಡ್‌ಫೋನು, ಅದೇ ಬೈಗುಳ. ವಾಷಿಂಗ್ ಮಷಿನ್ ಕೆಟ್ಟವರೆಲ್ಲ ನನ್ನ ಮೇಲೇ ಹಾರಾಡಬೇಕು. ನಾನು ಗಿಣಿ ಥರ — "ನಿಮ್ಮ ದೂರು ದಾಖಲಾಗಿದೆ. ನಮ್ಮ ಪ್ರತಿನಿಧಿ ನಿಮ್ಮನ್ನು ಸಂಪರ್ಕಿಸುತ್ತಾರೆ." ಆ ಪ್ರತಿನಿಧಿ ಹೋದನೋ ಇಲ್ವೋ, ನನಗಂತೂ ಯಾವತ್ತೂ ಗೊತ್ತಾಗಲ್ಲ.

ಮನೆಗೆ ಬಂದು ಹಳೇ ಕುರ್ಚಿಯೊಂದಕ್ಕೆ ಹೊಸ ಸ್ಪಂಜು, ಬಟ್ಟೆ ಹಾಕಿದೆ. ಹೋದ ಜೀವ ಬಂತು.

ಅಕ್ಕನ ಷರತ್ತು ಮಾತ್ರ ಸಡಿಲ ಆಗಿಲ್ಲ. ಆರು ತಿಂಗಳ ಮನೆಖರ್ಚು ಬ್ಯಾಂಕಲ್ಲಿ ಕೂತ ಮೇಲೇ ಆಫೀಸು ಬಿಟ್ಟು ಈ ಕುರ್ಚಿ ಕೆಲಸಕ್ಕೇ ಇಳಿಯೋ ಮಾತು. "ಬಾಡಿಗೆ ನಾನೊಬ್ಳೇ ಕಟ್ಟಕ್ಕಾಗಲ್ಲ ಕಣೇ." ಅವಳು ಹೇಳೋದೂ ಸರಿಯೇ...

ಏಪ್ರಿಲ್ ೧೯
ಸಿಕ್ತು! ದಂತವೈದ್ಯರ ಕ್ಲಿನಿಕ್ಕಿನ ಕುರ್ಚಿಗಳು — ಎಲ್ಲದಕ್ಕೂ ಹೊಸ ಸೀಟು ಹಾಕೋ ಆರ್ಡರು. ಇದೊಂದು ಮುಗಿದ್ರೆ ಆರು ತಿಂಗಳದ್ದು ಭರ್ತಿ. "ತಟ್ಟೇಲೂ ಸ್ಪಂಜು ಕಣೇ, ಒಂದು ಚೂರು ನುಂಗೇಬಿಟ್ಟೆ" ಅಂತ ಅಕ್ಕ ಬೈತಾನೇ ಬಟ್ಟೆ ಎಳೆದು ಹಿಡ್ಕೊಂಡ್ಳು.

ಮೇ ೧೨, ಸಂಜೆ ೬
ಥೂ, ನನ್ನ ಬಾಯಿಗೆ ಬೀಗ ಹಾಕ್ಬೇಕು! ಆಫೀಸಿಂದ ಆಗಷ್ಟೇ ಬಂದಿದ್ದೆ. ಡಾಕ್ಟ್ರ ಫೋನು — ಒಂದು ಸೀಟು ಅಲ್ಲಾಡ್ತಿದೆ, ಪೇಷಂಟ್ ಬೀಳೋದ್ರಲ್ಲಿದ್ರು. ತಾನಾಗೇ ಬಂತು ನೋಡು — "ನಿಮ್ಮ ದೂರು ದಾಖಲಾಗಿದೆ. ನಮ್ಮ ಪ್ರತಿನಿಧಿ..."

"ಯಾವ ಪ್ರತಿನಿಧಿ ಅಮ್ಮಾ? ಸೀಟು ಹಾಕಿದ್ದು ನೀವೇ ಅಲ್ವಾ? ಬಾಕಿ ದುಡ್ಡೂ ಅವನಿಗೇ ಕೊಡ್ತೀನಿ ಬಿಡಿ!" ಇಟ್ಟೇಬಿಟ್ರು.

ಭೂಮಿ ಬಾಯಿ ಬಿಡಬಾರ್ದಾ ಅನ್ನಿಸ್ತು. ಅಕ್ಕ ಬಿದ್ದು ಬಿದ್ದು ನಗ್ತಿದ್ದಾಳೆ. ನನಗೆ ಅಳು. ಆ ದುಡ್ಡು ಹೋದ್ರೆ ಮತ್ತೆ ಅದೇ ಹೆಡ್‌ಫೋನು.

ಅದೇ ದಿನ, ೮ ಗಂಟೆ
ಸ್ಪ್ಯಾನರ್ ಹಿಡ್ಕೊಂಡು ಓಡಿದೆ. ಬೋಲ್ಟು ಸರಿಯಾಗಿ ಬಿಗಿದಿರಲಿಲ್ಲ, ತಪ್ಪು ನನ್ನದೇ. ಬಿಗಿದು, ನಾನೇ ಕೂತು ಅಲ್ಲಾಡಿಸಿ ತೋರಿಸಿದೆ. ಗಂಟುಮುಖದ ಡಾಕ್ಟ್ರು ಕೊನೆಗೂ ನಕ್ಕರು. "ನಿಮ್ಮ ಪ್ರತಿನಿಧಿ ಪರವಾಗಿಲ್ಲ ರೀ." ಬಾಕಿ ಪೂರ್ತಿ ಕೊಟ್ರು.

ಇಷ್ಟು ವರ್ಷದಲ್ಲಿ ಇದೇ ಮೊದಲು — ದೂರು ಹೇಳಿದವರ ಎದುರಿಗೇ ನಿಂತು ಸರಿ ಮಾಡಿದ್ದು. ದಾರಿಯುದ್ದಕ್ಕೂ ಖುಷಿ. ಜೊತೆಗೆ ಕಣ್ಣೀರು, ಯಾಕೋ.

ಜೂನ್ ೨
ಪಾಸ್‌ಬುಕ್ ನೋಡಿ ಅಕ್ಕ ಕೈ ಮುಗಿದಳು. "ಬಿಡು ಮಹಾರಾಯ್ತಿ." ರಾಜೀನಾಮೆ ಕೊಟ್ಟೆ, ಇನ್ನೊಂದು ತಿಂಗಳು ನೋಟಿಸು. ಮ್ಯಾನೇಜರ್ "ಇನ್ನೊಂದ್ಸಲ ಯೋಚ್ನೆ ಮಾಡಿ" ಅಂದ್ರು. ಮಾಡಿದ್ದಾಗಿದೆ ಸಾರ್.

ಜುಲೈ ೩, ಬೆಳಿಗ್ಗೆ
ಆಫೀಸಿಲ್ಲದ ಮೊದಲ ದಿನ. ಭಯ ಇದೆ, ಸುಳ್ಳ್ಯಾಕೆ ಹೇಳಲಿ.

ಫೋನು. ಹೊಸ ನಂಬರು. ಸೋಫಾ ಹರಿದಿದೆಯಂತೆ. "ಯಾರನ್ನ ಕಳಿಸ್ತೀರಿ?"

"ನಾನೇ ಬರ್ತೀನಿ."

ಅಡ್ರೆಸ್ ಇಲ್ಲೇ ಗೀಚ್ಕೋತೀನಿ — ಎರಡನೇ ಮಹಡಿ, ನೀಲಿ ಬಾಗಿಲು, ಲಿಫ್ಟಿನ ಎದುರು.