ಕೊಡಲಿ ತಾಗದ ಮರ

ಫೆಬ್ರವರಿ ೧೮, ಮಂಗಳವಾರ

ಮತ್ತೆ ಅದೇ ಗುಡ್ಡ, ಅದೇ ಬೂದಿ. ಬೂಟಿನೊಳಗೆ ಬೂದಿ, ಮೂಗಿನೊಳಗೆ ಬೂದಿ. ಅಂಕೋಲೆ ಆಫೀಸಿನಿಂದ ಹೊರಟಾಗಲೇ ಸುಸ್ತು... ಆದರೂ ಹತ್ತಬೇಕು. ಎನ್‌ಕ್ವಾಯರಿ ನನ್ನ ತಲೆಗೆ ಕಟ್ಟಿದ್ದಾರೆ. ಯಾರಿಗೂ ಬೇಡವಾದ ಕೆಲಸ ಇದ್ದರೆ ಡೆಪ್ಯುಟಿ ರೇಂಜರ್ ಭಾರತಿ ಇದ್ದಾಳಲ್ಲ.

ಹೊರಗಿನ ಬೆಂಕಿ ಕಾಡಿಗೆ ನುಗ್ಗದಿರಲಿ ಎಂದು ನಾವೇ ಅಂಚಿನ ಹುಲ್ಲು, ತರಗೆಲೆ ಸುಟ್ಟೆವು. ಪ್ರತಿವರ್ಷದ ಫೈರ್ ಲೈನ್. ಸುಟ್ಟು, ಆರಿಸಿ, ಎಲ್ಲರೂ ಮನೆಗೆ ಹೋದರು. ಮರುದಿನ ಸಮುದ್ರಗಾಳಿ ಎದ್ದ ಹೊತ್ತಿಗೆ ಅದೇ ಅಂಚಿನಿಂದ ಬೆಂಕಿ ಗುಡ್ಡ ಹತ್ತಿತು. ಪ್ಲಾಂಟೇಶನ್ ಹೋಯಿತು, ಊರವರ ಗೇರುಮರಗಳೂ ಹೋದವು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಊರಿನವರ ಮುಖ ನೋಡಲು ನಾಚಿಕೆ.

ರೇಂಜರ್ ತುಳಸಿದಾಸ ಸಾಹೇಬರ ಫೋನು. "ಒಂದು ಹೆಸರು ಕೊಡಿ ಭಾರತಿ, ಸಾಕು." ಯಾವ ಹೆಸರು ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಲೈನ್ ಸುಟ್ಟವರ ಮುಂದಾಳು ವಾಚರ್ ದೇವ. ದಿನಗೂಲಿ. ಹೆಸರು ಕೊಟ್ಟರೆ ಕೆಲಸವೂ ಹೋಯಿತು, ಮೇಲೆ ಕೇಸೂ ಬಿತ್ತು.

ಫೆಬ್ರವರಿ ೧೯

ದೇವ ತಾನಾಗಿಯೇ ಆಫೀಸಿಗೆ ಬಂದ. ಕೂರಿ ಅಂದರೂ ಕೂರಲಿಲ್ಲ.

"ನಾ ಬೀಡಿ ಸೇದಿ ಒಗ್ದೆ ಮೇಡಮ್ಮೋರೇ. ಅದ್ರಿಂದ್ಲೇ ಹತ್ತಿದ್ದು. ನನ್ ಹೆಸ್ರೇ ಬರ್ಕಣಿ."

ನಗು ಬಂತು, ಸಿಟ್ಟೂ ಬಂತು. ಈ ಮನುಷ್ಯ ಬೀಡಿ ಮುಟ್ಟುವುದಿಲ್ಲ. ಎಲೆ ಅಡಿಕೆಯವನು — ಜೀಪಿನ ಬಾಗಿಲ ಮೇಲಿನ ಕೆಂಪು ಕಲೆ ನೋಡಿದರೆ ಗೊತ್ತಾಗುತ್ತದೆ.

"ಯಾವ ಬೀಡಿ ದೇವಣ್ಣ?" ಅಂದೆ. ಕಿಸೆ ತಡಕಿದ. ಸಿಕ್ಕಿದ್ದು ಅಡಿಕೆ ಸಂಚಿ.

"ಯಾರನ್ನ ಬಚಾವ್ ಮಾಡೂಕೆ ಹೊರಟೀರಿ?"

 ಸಂಚಿ ಕಿಸೆಗೆ ತುರುಕಿ ಮೆಟ್ಟಿಲಿಳಿದ.

ಫೆಬ್ರವರಿ ೨೨

ಸಿಕ್ಕಿತು. ಸಿಗದಿದ್ದರೇ ಚೆನ್ನಾಗಿತ್ತು.

ಕರಕಲು ಹಿಡಿದ ಮರಗಳನ್ನು ನೋಡುತ್ತಾ, ಬೆಂಕಿ ಬಂದ ದಾರಿಯಲ್ಲೇ ಹಿಂದೆ ಹಿಂದೆ ಇಳಿದೆ. ಇಳಿದು ನಿಂತದ್ದು ಜಟಗ ದೇವರ ಕಲ್ಲಿನ ಪಕ್ಕ. ಅಲ್ಲೊಂದು ಮತ್ತಿ ಮರ, ನಿಂತಲ್ಲೇ ಸತ್ತು ಒಣಗಿದ್ದು. ಈಗ ಬುಡ ಮಾತ್ರ ಇದೆ, ಒಳಗೆಲ್ಲ ಉರಿದು ಹಂಡೆಯೊಲೆಯ ಬಾಯಿಯಂತಾಗಿದೆ. ಲೈನ್ ಸುಡುವಾಗ ಕಿಡಿ ಪೊಳ್ಳಿಗೆ ಹೊಕ್ಕಿದೆ. ಹೊರಗೆ ಹೊಗೆ ಕಂಡಿಲ್ಲ. ರಾತ್ರಿಯಿಡೀ ಒಳಗೇ ಉರಿದು, ಗಾಳಿ ಎದ್ದಾಗ ಮೇಲಿನಿಂದ ಕೆಂಡ ಹಾರಿದೆ.

ಸುಡುವ ಮೊದಲು ಅಂಚಿನ ಒಣಮರ ಉರುಳಿಸಬೇಕು. ಉರುಳಿಸಿದ್ದಾರೆ, ಇದೊಂದನ್ನು ಬಿಟ್ಟು. ಇದರ ಸುತ್ತ ತರಗೆಲೆ ಗುಡಿಸಿ, ಕಾಯಿ ಒಡೆದು, ಕೈಮುಗಿದು ಮುಂದೆ ಹೋಗಿದ್ದಾರೆ. ಜಟಗನ ಮರ ಸತ್ತರೂ ಜಟಗನದೇ. ಕೊಡಲಿ ತಾಗಬಾರದು.

ಬೇಲೆಕೇರಿಯ ಮನೆಗೆ ಬಂದು ಆಯಿಗೆ ಹೇಳಿದೆ. ಅಂಗಳದಲ್ಲಿ ಒಣಮೀನು ಮಗುಚುತ್ತಿದ್ದವಳು ತಲೆ ಎತ್ತಿದಳು. "ನೀ ಅಲ್ಲಿದ್ರೆ ಕಡೀರಿ ಅಂತಿದ್ಯೇನೆ?"

ಅನ್ನುತ್ತಿರಲಿಲ್ಲ. ಇವತ್ತು ಆ ಬುಡ ಅಳೆಯುವ ಮೊದಲು ನಾನೂ ಬೂಟು ಬಿಚ್ಚಿಟ್ಟಿದ್ದೆ. ಯಾರೂ ನೋಡಿಲ್ಲ.

ಫೆಬ್ರವರಿ ೨೩, ಭಾನುವಾರ

ದೇವನ ಮನೆಗೆ ಹೋದೆ. ಮರ ಸಿಕ್ಕಿತು ಅಂದೆ. ಮುಖ ಸಣ್ಣದಾಯಿತು.

"ಮರದ ಸುದ್ದಿ ಬರೀಬ್ಯಾಡ್ರಾ. ಬೀಡಿ ಅಂದ್ರೆ ನಾ ಒಬ್ನೇ ಹೋಗ್ತೆ. ಮರ ಅಂದ್ರೆ ಗರಗಸ ತಕಂಡ್ ಬತ್ರು. ಲೈನಿನ ಆ ತುದೀಲಿ ಜಟಗಂದು ಇನ್ನೊಂದ್ ಒಣಮರ ಅದೆ."

"ಸುಳ್ಳು ಬರ್ದು ನಿಮ್ಮನ್ನ ಕೋರ್ಟಿಗೆ ಅಲೆಸ್ಲಾ?" ರೇಗಿಬಿಟ್ಟೆ. ದೊಡ್ಡವನು, ಹಾಗೆ ಕೂಗಬಾರದಿತ್ತು.

ಅವನ ಹೆಂಡತಿ ಗಂಗೆ ಗೇಟಿನವರೆಗೂ ಬಂದಳು. "ಅವ್ರ ಮಾತ್ ಕೇಳ್ಬೇಡಿ ಅಕ್ಕೋರೇ. ಮಗಳು ಬಾಣಂತನಕ್ಕೆ ಬಂದದೆ. ಹೆಂಗಾರೂ ಕೆಲ್ಸ ಉಳ್ಸಿ." ಕೈ ಹಿಡಿದುಕೊಂಡೇ ಇದ್ದಳು.

ಮಾರ್ಚ್ ೩, ಸೋಮವಾರ

ನಿಜ ಬರೆದು ಕೊಟ್ಟೆ. ಪೊಳ್ಳು ಒಣಮರ, ಒಳಗೆ ಉಳಿದ ಕೆಂಡ, ಸಮುದ್ರಗಾಳಿ. ದೇವನ ತಪ್ಪಿಲ್ಲ. ಸಾಹೇಬರಿಗೂ ಖುಷಿ — ಯಾರ ಮೇಲೂ ಕೇಸಿಲ್ಲ, ತಲೆನೋವಿಲ್ಲ. ಗಂಗೆ ಫೋನಿನಲ್ಲಿ ಅತ್ತಳು. ದೇವ ಫೋನಿಗೆ ಬರಲಿಲ್ಲ. ಇರಲಿ. ಅಬ್ಬಾ, ಮುಗಿಯಿತು.

ಮಾರ್ಚ್ ೧೨

ಮುಗಿದಿಲ್ಲ.

ಆರ್ಡರ್ ಬಂತು. ಫೈರ್ ಲೈನಿನ ಎಲ್ಲ ಒಣಮರ ಕಡಿಯಬೇಕು, ಒಂದನ್ನೂ ಬಿಡದೆ. ಆಧಾರ: ನನ್ನ ವರದಿ. ಕಡಿಸುವವಳು ನಾನು. ಜೊತೆಗೆ ನಿಂತು ಮರ ತೋರಿಸುವವನು ಆ ಬೀಟಿನ ವಾಚರ್, ದೇವ.

ಸಾಹೇಬರಿಗೆ ಫೋನು ಮಾಡಿ ಬೇಡಿಕೊಂಡೆ. "ಆ ಒಂದು ಮರ ಬಿಡೋಣ ಸರ್. ಸುಡುವಾಗ ನೀರಿಟ್ಟುಕೊಂಡು ನಾನೇ ಕಾಯ್ತೇನೆ, ರಾತ್ರಿಯೂ ಕಾಯ್ತೇನೆ."

"ಒಣಮರದಿಂದಲೇ ಹತ್ತಿತು ಅಂತ ಬರೆದವರು ನೀವೇ ಅಲ್ವಾ?"

ಹೌದು. ನಾನೇ.

ಮಾರ್ಚ್ ೧೭, ಸೋಮವಾರ, ಬೆಳಿಗ್ಗೆ

ದೇವ ಬಂದು ಹೋದ. ಖಾಕಿ ಅಂಗಿ ಒಗೆದು, ಮಡಚಿ ತಂದಿದ್ದ. ಟೇಬಲ್ ಮೇಲಿಟ್ಟ.

"ತೋರ್ಸೂದು ನನ್ ಕೈಲಿ ಆಗೂದಿಲ್ಲ. ತೋರ್ಸೂದಿಲ್ಲ ಅಂದ್ರೆ ನಿಮ್ಗೆ ಕಷ್ಟ. ಅದ್ಕೇ ಮೇಡಮ್ಮೋರೇ..."

"ಗಂಗಕ್ಕಂಗೆ ಏನ್ ಹೇಳ್ತ್ರಿ?"

"ಅವ್ಳೇ ಒಗ್ದ್ ಕೊಟ್ಟದ್ದು."

ಬೈಯಲೂ ಇಲ್ಲ ನನ್ನನ್ನು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಮೆಟ್ಟಿಲಿಳಿದ ಮೇಲೆ ಕೂತು ಅತ್ತೆ.

ಗರಗಸದವರು ಹೊರಗೆ ಗಾಡಿ ನಿಲ್ಲಿಸಿ ಕಾಯುತ್ತಿದ್ದಾರೆ. ಕುಮಟೆಯವರು, ಈ ಗುಡ್ಡ ಗೊತ್ತಿಲ್ಲ. ಈ ಬಿಸಿಲಿಗೆ ಮತ್ತಿ ಮರಗಳೆಲ್ಲ ಎಲೆ ಉದುರಿಸಿ ನಿಂತಿವೆ. ಸತ್ತದ್ದು ಯಾವುದು, ಜೀವ ಇರುವುದು ಯಾವುದು, ಯಾರಾದರೂ ಹೇಳಬೇಕು. ದೇವ ಇಲ್ಲ. ಹೇಳುವವಳು ನಾನೊಬ್ಬಳೇ. ಆ ತುದಿಯ ಜಟಗನ ಮತ್ತಿ ಮರದ ಹತ್ತಿರ ನಿಂತು, ಇದು ಸತ್ತಿಲ್ಲ, ಮಳೆ ಬಿದ್ದರೆ ಚಿಗುರುತ್ತದೆ ಅಂದುಬಿಟ್ಟರೆ —